ಮಾವ ನಡೆದು ಬಂದ ದಾರಿ

ಪರದೇಶದ ಆ ಊರಿಗೆ ಬಂದು ನೆಲೆಸಿ ಒಂಬತ್ತು ವರ್ಷವಾಗಿತ್ತು. ಭಿಕ್ಷುಕರ ವಿಷಯವನ್ನು ಅಳಿಯ ಮೊದಲನೇ ವರ್ಷದಲ್ಲೇ ತೀರ್ಮಾನಿಸಿ ಕೈತೊಳೆದುಕೊಂಡಿದ್ದ. ಕೊಡುವುದಿಲ್ಲ, ಅಷ್ಟೇ. ಬಂದ ಹೊಸದರಲ್ಲಿ ಒಬ್ಬ ಗಡ್ಡದವನನ್ನು ನೋಡಿ ಕರುಳು ಚುರ್ರೆಂದು ನೋಟನ್ನೇ ಕೊಟ್ಟುಬಿಟ್ಟಿದ್ದ. ಹತ್ತು ನಿಮಿಷ ಬಿಟ್ಟು ನೋಡಿದರೆ ಆ ಮನುಷ್ಯ ಎದುರಿನ ಅಂಗಡಿಯಿಂದ ಬಾಟಲಿ ಹಿಡಿದು ಹೊರಗೆ ಬರುತ್ತಿದ್ದ. ಜೊತೆಗಿದ್ದ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನಂಥ ಹೊಸಬರಿಂದಲೇ ಇವರ ವ್ಯಾಪಾರ ನಡೀತಿರೋದು. ಇಲ್ಲಿ ಸರ್ಕಾರ ಊಟ ಹಾಕುತ್ತೆ, ಮಲಗೋಕೆ ಜಾಗ ಕೊಡುತ್ತೆ. ಇವರಿಗೆ ಅದು ಬೇಡ" ಎಂದ.

ಅಂದಿನಿಂದ ಅಳಿಯ ಸಂಬಳದಲ್ಲಿ ತಿಂಗಳು ತಿಂಗಳು ಒಂದಿಷ್ಟನ್ನು ಯಾವುದೋ ಸಂಸ್ಥೆಗೆ ಹೋಗುವಂತೆ ಬರೆದುಕೊಟ್ಟು, ಬೀದಿಯಲ್ಲಿ ಕೈ ಚಾಚಿದವರ ಮುಂದೆ ನೇರ ನೋಡಿಕೊಂಡು ನಡೆಯುವುದನ್ನು ಕಲಿತ. ಕಲಿಯುವುದು ಮೊದಮೊದಲು ಕಷ್ಟವಾಗಿತ್ತು. ಕಾಗದಪತ್ರ ಹಿಡಿದು ಸಾಲುಸಾಲು ಕಚೇರಿಗಳ ಮುಂದೆ ನಿಂತು, ಇರಲು ಬಿಡಿ ಎಂದು ಕೇಳಿಕೊಂಡು ಒಳಗೆ ಬಂದವನು ಅವನು. ಇನ್ನೊಬ್ಬರ ಊರಿನಲ್ಲಿ ನಿಂತು ಆ ಊರಿನವರಿಗೇ ದಾನ ಕೊಡುವುದೆಂದರೆ ಏನೋ ಅಧಿಕಪ್ರಸಂಗ ಮಾಡಿದಂತೆ ಅನ್ನಿಸುತ್ತಿತ್ತು. ಕೊಡದೆ ಹೋದರೂ ಬೆನ್ನು ಚುಚ್ಚುತ್ತಿತ್ತು. ನಿಯಮ ಅಂತ ಒಂದು ಮಾಡಿಕೊಂಡ ಮೇಲೆ ಚುಚ್ಚುವುದು ನಿಂತಿತು.

ಅವನದು ಲಿಫ್ಟ್ ರಿಪೇರಿಯ ಕೆಲಸ. ಆಸ್ಪತ್ರೆ, ಕಚೇರಿ, ನೆಲದಡಿಯ ರೈಲು ನಿಲ್ದಾಣಗಳ ಲಿಫ್ಟುಗಳೆಲ್ಲ ಅವನ ಪಾಲಿಗೆ. ಉಕ್ಕಿನ ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತಿದೆಯೇ, ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸರಿಸಮ ನಿಲ್ಲುತ್ತಿದೆಯೇ, ಇದನ್ನೇ ದಿನವಿಡೀ ನೋಡುವುದು. ಹೆಂಡತಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದಳು. ಅವಳಿಗೆ ನಿಯಮಗಿಯಮ ಏನೂ ಇರಲಿಲ್ಲ. ಚಿಲ್ಲರೆ ಕೈಗೆ ಸಿಕ್ಕರೆ ಹಾಕುತ್ತಿದ್ದಳು, ಸಿಗದಿದ್ದರೆ ಮುಂದೆ ಹೋಗುತ್ತಿದ್ದಳು.

ಹೀಗಿರುವಾಗ ಮಾವ ಬಂದರು.

ಮಾವ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ನಿಂತಲ್ಲೇ ಎರಡು ಕಾಲು ಅಗಲಿಸಿ, ನೆಲ ಅಲುಗಾಡುತ್ತಿದೆಯೇನೋ ಎಂಬಂತೆ ನಿಲ್ಲುತ್ತಿದ್ದರು. ಅತ್ತೆ ತೀರಿಕೊಂಡು ವರ್ಷ ತುಂಬಿದ ಮೇಲೆ, ಮಗ ಸೊಸೆಯ ಮನೆಯಲ್ಲಿದ್ದವರನ್ನು ಮಗಳು ಹಟಹಿಡಿದು ಆರು ತಿಂಗಳಿಗೆಂದು ಕರೆಸಿಕೊಂಡಿದ್ದಳು. ಆ ದೇಶದ ಭಾಷೆಯಲ್ಲಿ ಅವರು ಕಲಿತದ್ದು ಒಂದೇ ಒಂದು ಮಾತು: "ಧನ್ಯವಾದ." ಅದನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು, ಜಗಳಕ್ಕೂ ಸಹ.

ಬಂದ ಎರಡನೇ ದಿನವೇ ಮನೆ ಹತ್ತಿರದ ರೈಲು ನಿಲ್ದಾಣದಲ್ಲಿ ಅವರ ಕಣ್ಣಿಗೆ ಬಿದ್ದವಳು ಛತ್ರಿಯವಳು. ನೆಲದಡಿಗೆ ಎರಡು ಮಹಡಿ ಇಳಿದರೆ ಲಿಫ್ಟಿನ ಬಾಗಿಲ ಪಕ್ಕದಲ್ಲಿ ರಟ್ಟು ಹಾಸಿಕೊಂಡು ಒಬ್ಬ ಹೆಂಗಸು ಕೂತಿರುತ್ತಿದ್ದಳು. ಅರವತ್ತರ ಆಸುಪಾಸು. ಛಾವಣಿಯಿಂದ ಅವಳ ನೆತ್ತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೇ ಅವಳು ಮಳೆಯಿರಲಿ ಬಿಸಿಲಿರಲಿ, ನೆಲದಡಿಯಲ್ಲಿ ಹಸಿರು ಛತ್ರಿ ಬಿಚ್ಚಿಕೊಂಡೇ ಕೂರುತ್ತಿದ್ದಳು. ಆ ಸೋರಿಕೆಯ ಬಗ್ಗೆ ಅಳಿಯ ಮೂರು ಸಲ ಮೇಲಿನವರಿಗೆ ಬರೆದಿದ್ದ. ಛತ್ರಿಯ ಕೆಳಗಿದ್ದವಳನ್ನು ಮಾತ್ರ ಒಂದು ಸಲವೂ ದಿಟ್ಟಿಸಿ ನೋಡಿರಲಿಲ್ಲ.

ಮಾವ ಜೇಬಿನಿಂದ ನಾಣ್ಯ ತೆಗೆದು ಅವಳ ಡಬ್ಬಿಗೆ ಹಾಕಿ, "ಧನ್ಯವಾದ" ಎಂದರು. ಹೆಂಗಸು ಗಹಗಹಿಸಿ ನಕ್ಕಳು.

"ಮಾವ, ಇಲ್ಲಿ ಹಂಗೆಲ್ಲ ಕೊಡಬಾರದು" ಎಂದ ಅಳಿಯ, ಲಿಫ್ಟಿನೊಳಗೆ.

"ಯಾಕಪ್ಪಾ? ಪೊಲೀಸ್ರು ಹಿಡೀತಾರಾ?"

"ಹಿಡಿಯಲ್ಲ. ಆದ್ರೆ ಅವರು ಅದನ್ನ ತಗೊಂಡು ಹೋಗಿ ಕುಡೀತಾರೆ."

"ಅಳಿಯಂದ್ರೇ, ನನ್ನ ಬಸ್ಸಲ್ಲಿ ದಿನಕ್ಕೆ ಸಾವಿರ ಜನ ಟಿಕೆಟ್ ತಗೋತಿದ್ರು. ಇಳಿದು ಎಲ್ಲಿಗೆ ಹೋಗ್ತೀರಿ, ಏನು ಮಾಡ್ತೀರಿ ಅಂತ ನಾನು ಯಾರನ್ನಾದ್ರೂ ಕೇಳಿದ್ನಾ?"

"ಟಿಕೆಟ್ಟಿಗೂ ಇದಕ್ಕೂ ಏನು ಸಂಬಂಧ ಮಾವ?"

"ಸಂಬಂಧ ಇಲ್ಲ ಅಂತೀರಾ? ಹಂಗಾದ್ರೆ ಇಲ್ಲ ಬಿಡಿ" ಎಂದರು ಮಾವ. ಮರುದಿನ ಮತ್ತೆ ಹಾಕಿದರು. ಅದರ ಮರುದಿನವೂ ಹಾಕಿದರು. ಒಂದು ದಿನ ಅಂಗಡಿಯ ಮುಂದೆ ಮೂರು ಜನ ಒಟ್ಟಿಗೆ ಅವರನ್ನು ಮುತ್ತಿಕೊಂಡು, ಒಬ್ಬ ತೋಳು ಹಿಡಿದು ಎಳೆದದ್ದನ್ನು ಅಳಿಯ ಕಣ್ಣಾರೆ ಕಂಡ. ಆ ಸಂಜೆ ಮಾವನ ಪರ್ಸಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಮೇಜಿನ ಖಾನೆಗೆ ಸುರಿದು, ಟ್ರಾಮು ರೈಲುಗಳ ಪಾಸನ್ನಷ್ಟೇ ಪರ್ಸಿನಲ್ಲಿ ಉಳಿಸಿದ. "ನಿಮ್ಮ ಒಳ್ಳೇದಕ್ಕೇ ಮಾವ. ನಿಮಗೆ ಬೇಕಾದ್ದೆಲ್ಲ ನಾವೇ ತಂದು ಕೊಡ್ತೀವಲ್ಲ" ಎಂದ. ಮಾವ ಖಾಲಿ ಪರ್ಸನ್ನು ಎರಡು ಸಲ ಮಡಚಿ ಬಿಚ್ಚಿ ಜೇಬಿಗಿಟ್ಟುಕೊಂಡರು.

ಅಂದಿನಿಂದ ಕೊಡಲು ಏನೂ ಇಲ್ಲದ ಮಾವ ಮಧ್ಯಾಹ್ನದ ಹೊತ್ತು ನಿಲ್ದಾಣಕ್ಕಿಳಿದು ಛತ್ರಿಯವಳ ಪಕ್ಕದ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದರು. ಅವರು ಕನ್ನಡದಲ್ಲಿ ಹೇಳುವುದು, ಅವಳು ಅವಳ ಭಾಷೆಯಲ್ಲಿ ಉತ್ತರ ಕೊಡುವುದು. "ಏನು ಮಾತಾಡ್ತೀರಪ್ಪ ಅಷ್ಟೊತ್ತು?" ಎಂದು ಮಗಳು ಕೇಳಿದರೆ, "ಅವಳಿಗೂ ಮೊಣಕಾಲು ನೋವಂತೆ" ಎಂದರು. ಹೇಗೆ ತಿಳಿಯಿತೋ ಅವರಿಗೇ ಗೊತ್ತು.

ಮೂರನೇ ತಿಂಗಳಿನ ಒಂದು ಗುರುವಾರ ಸಂಜೆ ನಾಲ್ಕಕ್ಕೆ ಹೆಂಡತಿಯ ಫೋನು ಬಂತು. ಅಳಿಯ ಒಂದು ಕಚೇರಿಯ ಲಿಫ್ಟಿನ ಗುಂಡಿಯಲ್ಲಿ ಇಳಿದು ಗ್ರೀಸು ಒರೆಸುತ್ತಿದ್ದ.

"ರೀ, ಅಪ್ಪ ಮನೇಲಿಲ್ಲ. ಬೆಳಗ್ಗೆ ಹತ್ತೂವರೆಗೆ ಹೋದರಂತೆ. ಕೆಳಗಿನ ಮನೆಯವರು ನೋಡಿದ್ರಂತೆ. ಫೋನು ಇಲ್ಲೇ ಚಾರ್ಜಿಗೆ ಹಾಕಿದೆ. ವಿಳಾಸದ ಚೀಟಿ ಇನ್ನೊಂದು ಕೋಟಿನ ಜೇಬಲ್ಲಿದೆ."

ಗುಂಡಿಯಿಂದ ಹತ್ತಿ ಬಂದ ಅಳಿಯ ಕೈ ಕೂಡ ಒರೆಸಿಕೊಳ್ಳದೆ ನಿಲ್ದಾಣಕ್ಕೆ ಓಡಿದ. ಲಿಫ್ಟಿನ ಪಕ್ಕದಲ್ಲಿ ಮಾವ ಇರಲಿಲ್ಲ. ಛತ್ರಿಯವಳೂ ಇರಲಿಲ್ಲ. ಒದ್ದೆಯಾದ ರಟ್ಟೊಂದೇ ಬಿದ್ದಿತ್ತು. ಈ ಮನೆಗೆ ಬಂದ ಆರು ವರ್ಷದಲ್ಲಿ ಆ ಜಾಗ ಖಾಲಿಯಿದ್ದದ್ದನ್ನು ಅವನು ನೋಡಿದ್ದೇ ಇಲ್ಲ.

ಠಾಣೆಯಲ್ಲಿ ಬರೆದುಕೊಳ್ಳುವವನು, "ಯಾರ ಮೇಲಾದರೂ ಅನುಮಾನವಿದೆಯೇ?" ಎಂದು ಕೇಳಿದಾಗ ಅಳಿಯನ ಬಾಯಿಂದ ಮಾತು ಹೊರಬಿದ್ದೇ ಬಿಟ್ಟಿತು. "ನಿಲ್ದಾಣದಲ್ಲಿ ಭಿಕ್ಷೆ ಬೇಡುವ ಒಬ್ಬ ಹೆಂಗಸಿದ್ದಾಳೆ. ಅವಳೂ ಕಾಣಿಸ್ತಿಲ್ಲ." ಬರೆದುಕೊಳ್ಳುವವನು ಅದನ್ನೂ ಬರೆದುಕೊಂಡ. ಹೆಂಡತಿ ಗಂಡನ ಮುಖವನ್ನೇ ನೋಡಿದಳು. "ಅವಳು ಯಾಕ್ರೀ ಅಪ್ಪನ್ನ ಕರ್ಕೊಂಡು ಹೋಗ್ತಾಳೆ? ಅವರ ಹತ್ರ ಏನಿದೆ? ಇದ್ದ ಚಿಲ್ಲರೇನೂ ನೀವೇ ತೆಗೆದಿಟ್ಟಿದ್ದೀರಿ" ಎಂದಳು.

ಇಬ್ಬರೂ ಮನೆಯ ಸುತ್ತಲಿನ ಬೀದಿಗಳನ್ನು ಒಂದೊಂದಾಗಿ ಹುಡುಕಿದರು. ಉದ್ಯಾನ, ಗ್ರಂಥಾಲಯ, ಟ್ರಾಮಿನ ನಿಲುಗಡೆ, ಯಾವುದನ್ನೂ ಬಿಡಲಿಲ್ಲ. ಆರೂವರೆಯ ಹೊತ್ತಿಗೆ, ಇನ್ನೂ ಬೆಳಕಿರುವಾಗ, ದೊಡ್ಡ ಚೌಕದ ಆಚೆ ಬದಿಯಲ್ಲಿ ಹಸಿರು ಛತ್ರಿಯೊಂದು ಕಾಣಿಸಿತು. ಗಾಳಿ ಅದನ್ನು ಅತ್ತಿತ್ತ ಎಳೆದಾಡುತ್ತಿತ್ತು. ಅದರ ಕೆಳಗೆ ಇಬ್ಬರು ನಿಧಾನವಾಗಿ ನಡೆದು ಬರುತ್ತಿದ್ದರು. ಹೆಂಗಸು ಒಂದು ಕೈಯಲ್ಲಿ ಛತ್ರಿ ಹಿಡಿದಿದ್ದಳು, ಇನ್ನೊಂದರಲ್ಲಿ ಮಾವನ ಮುಂಗೈ. ಮಾವನ ಹೆಗಲ ಮೇಲೆ ಯಾರದೋ ಕೊಳಕು ಕಂಬಳಿ. ಕಾಲೆಳೆದುಕೊಂಡು ಬರುತ್ತಿದ್ದರು.

ಮಗಳು ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡಳು. ಮಾವ ಅಳಿಯನ ಕಡೆ ನೋಡಿ ತಪ್ಪು ಮಾಡಿದವರಂತೆ, "ಪಾಸು ಎಲ್ಲೋ ಬಿದ್ದುಹೋಯ್ತು ಅಳಿಯಂದ್ರೇ" ಎಂದರು.

ನಡೆದದ್ದು ಇಷ್ಟು. ಟ್ರಾಮಿನಲ್ಲಿ ಕಿಟಕಿ ಪಕ್ಕ ಕೂತ ಮಾವ ಹೊರಗೆ ನೋಡುತ್ತಾ ನೋಡುತ್ತಾ ಕಟ್ಟಕಡೆಯ ನಿಲುಗಡೆಗೆ ಹೋಗಿ ಮುಟ್ಟಿದ್ದರು. ಇಳಿದ ಮೇಲೆ ನೋಡಿದರೆ ಪಾಸಿಲ್ಲ. ಕೈಯಲ್ಲಿ ಬಿಡಿಗಾಸಿಲ್ಲ. ವಾಪಸು ಹೋಗುವ ಟ್ರಾಮು ಎದುರಿಗೇ ಬಾಗಿಲು ತೆರೆದು ನಿಂತಿತ್ತು, ಯಾರೂ ಟಿಕೆಟ್ ಕೇಳುವವರಿರಲಿಲ್ಲ.

"ಹತ್ತಿ ಬಂದುಬಿಡಬಾರದಿತ್ತಾ ಅಪ್ಪ?" ಎಂದಳು ಮಗಳು, ಬಿಸಿನೀರಿನಲ್ಲಿ ಅವರ ಕಾಲು ತೊಳೆಯುತ್ತಾ.

ಮಾವ ಬೆಚ್ಚಿಬಿದ್ದವರಂತೆ ತಲೆಯೆತ್ತಿದರು. "ಟಿಕೆಟ್ ಇಲ್ದೇನೇ? ನಾನಾ?"

ಅಳಿಯ ಗೋಡೆಯ ಕಡೆ ಮುಖ ತಿರುಗಿಸಿದ. ಖಾನೆಯಲ್ಲಿ ಬಿದ್ದಿದ್ದ ಚಿಲ್ಲರೆಯಲ್ಲಿ ನಾಲ್ಕು ಟಿಕೆಟ್ ಬರುತ್ತಿತ್ತು.

ಕಡೆಯ ನಿಲುಗಡೆಯಿಂದ ಮನೆಗೆ ಹೇಗೆ ಬಂದರು ಎಂದು ಕೇಳಿದರೆ ಮಾವನ ಮಾತು ಗೋಜಲಾಗುತ್ತಿತ್ತು. "ಒಬ್ಬ ಕರ್ಕೊಂಡು ಬಂದ. ಆಮೇಲೆ ಇನ್ನೊಬ್ಬ. ಒಳ್ಳೇ ಜನ" ಎನ್ನುತ್ತಿದ್ದರು. ಮರುದಿನ ಅಳಿಯ ಮೊದಲು ಠಾಣೆಗೆ ಹೋಗಿ, ತಾನು ಹೇಳಿದ್ದ ಅನುಮಾನದ ಮಾತನ್ನು ಹೊಡೆದುಹಾಕಿಸಿದ. ಆಮೇಲೆ ನಿಲ್ದಾಣಕ್ಕಿಳಿದು ಛತ್ರಿಯವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿದ್ದು ಅದೇ ಮೊದಲು. ಅವಳ ಎಡಗಣ್ಣಿನಲ್ಲಿ ಪೊರೆ ಬಂದಿತ್ತು.

"ನಮ್ಮ ಮಾವ ನಿಮಗೆ ಎಲ್ಲಿ ಸಿಕ್ಕಿದರು?" ಎಂದು ಅವಳ ಭಾಷೆಯಲ್ಲಿ ಕೇಳಿದ.

"ಸೇತುವೆಯಿಂದ ಈಚೆಗೆ, ಬೆಂಚಿನ ಮೇಲೆ. ಸೇತುವೆಯ ಕುಡುಕ ಬಂದು ಹೇಳಿದ. ಚೌಕದಲ್ಲಿ ಪೊಲೀಸರು ಅವನನ್ನ ಕಂಡರೆ ಓಡಿಸ್ತಾರೆ. ಅದಕ್ಕೆ ಮುದುಕಪ್ಪನಿಗೆ ತನ್ನ ಕಂಬಳಿ ಹೊದಿಸಿ ಕೂರಿಸಿ, ಹಿತ್ತಲ ಓಣಿಗಳಲ್ಲಿ ಸುತ್ತಿ ನನ್ನ ಹತ್ತಿರ ಬಂದ. ನಾನು ಹೋಗಿ ಕರಕೊಂಡು ಬಂದೆ."

"ಆದರೆ ನಿಮ್ಮ ಹತ್ತಿರವೇ ಬರಬೇಕು ಅಂತ ಅವನಿಗೆ ಹೇಗೆ ಗೊತ್ತಾಯಿತು?"

ಅವಳು ತಲೆಯ ಮೇಲಿನ ಛತ್ರಿಯನ್ನು ತೋರಿಸಿ ನಕ್ಕಳು. "ನಿಮ್ಮ ಮಾವ ನೆಲ ತೋರಿಸಿದನಂತೆ, ಆಮೇಲೆ ಛತ್ರಿ ಬಿಚ್ಚಿ ಹಿಡಿದ ಹಾಗೆ ಮಾಡಿದನಂತೆ. ಈ ಊರಲ್ಲಿ ನೆಲದ ಕೆಳಗೆ ಛತ್ರಿ ಹಿಡಿದು ಕೂರುವ ಹುಚ್ಚಿ ಇನ್ನು ಯಾರಿದ್ದಾರೆ?"

ಭಾನುವಾರ ಬೆಳಗ್ಗೆ ಅಳಿಯ ಜೇಬಿನಲ್ಲಿ ಎರಡು ಲಕೋಟೆ ಇಟ್ಟುಕೊಂಡು, ಒಗೆದು ಮಡಚಿದ ಕಂಬಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. "ನಾನೂ ಬರ್ತೀನಿ" ಎಂದರು ಮಾವ. ಹಿಮ್ಮಡಿಯ ಗುಳ್ಳೆಗೆ ಪಟ್ಟಿ ಹಾಕಿತ್ತು. "ಟ್ರಾಮಲ್ಲಿ ಹೋಗೋಣ ಮಾವ" ಎಂದರೆ ಕೇಳಲಿಲ್ಲ. ಕಾಲು ನೋವಾದರೆ ಅಲ್ಲಿಂದಲೇ ಟ್ರಾಮು ಹತ್ತುವುದು ಎಂದು ಒಪ್ಪಂದವಾಗಿ, ಗುರುವಾರ ಮಾವ ಬಂದ ದಾರಿಯಲ್ಲೇ ಹಿಂದೆ ನಡೆದರು.

ಆ ಸೇತುವೆಯನ್ನು ಅಳಿಯ ನೂರಾರು ಸಲ ದಾಟಿದ್ದ, ಎಲ್ಲವೂ ಗಾಡಿಯಲ್ಲಿ. ನಡೆದು ದಾಟಿದ್ದು ಅದೇ ಮೊದಲು. ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕಾಲುದಾರಿ ಒಂದೂವರೆ ಆಳಗಲ. ಒಂದು ಪಕ್ಕದಲ್ಲಿ ಲಾರಿಗಳು ಮೈ ಸವರಿದಂತೆ ಹಾದುಹೋಗುತ್ತಿದ್ದವು. ಇನ್ನೊಂದು ಪಕ್ಕದಲ್ಲಿ ಸೊಂಟದೆತ್ತರದ ಕಂಬಿ, ಅದರ ಕೆಳಗೆ ಎಷ್ಟೋ ಆಳದಲ್ಲಿ ಬೂದಿ ಬಣ್ಣದ ಹೊಳೆ. ಗಾಳಿಗೆ ಮಾವನ ಕಣ್ಣು ಕಿವಿಗಳೆಲ್ಲ ಮುಚ್ಚಿಹೋದಂತಿದ್ದವು. ಇದರ ಮೇಲೆ ಹಸಿದ, ದಾರಿ ತಪ್ಪಿದ, ಕಾಲು ಒಡೆದ ಎಪ್ಪತ್ತರ ಮುದುಕನನ್ನು ಯಾರೋ ನಡೆಸಿಕೊಂಡು ಬಂದಿದ್ದರು ಎಂದು ನೆನೆದು ಅಳಿಯ ಕಂಬಿಯ ಮೇಲೆ ಕೈಯೂರಿಕೊಂಡು ನಡೆದ.

ಕುಡುಕ ಸೇತುವೆಯ ಆಚೆ ತುದಿಯ ಕಮಾನಿನ ಕೆಳಗೆ ಇದ್ದ. ಬೆಳಗಿನ ಹತ್ತು ಗಂಟೆಗೇ ತೂರಾಡುವಷ್ಟು ಕುಡಿದಿದ್ದ. ಅಳಿಯ ಒಂಬತ್ತು ವರ್ಷದಿಂದ ಯಾರಿಗೆ ಕೊಡಬಾರದು ಎಂದು ಹೇಳಿಕೊಂಡು ಬಂದಿದ್ದನೋ, ಥೇಟ್ ಅಂಥವನು.

"ಗುರುವಾರ ಇವರನ್ನ ಸೇತುವೆ ದಾಟಿಸಿದ್ದು ನೀವೇ ತಾನೆ?"

"ಯಾವ ಮುದುಕ? ಯಾವ ಗುರುವಾರ?" ಎಂದು ಅವನು ಕಣ್ಣು ಕಿರಿದು ಮಾಡಿದ. ಅವನಿಗೆ ಏನೂ ನೆನಪಿರಲಿಲ್ಲ. ಕಂಬಳಿ ಕೊಟ್ಟರೆ ಮೂಸಿ ನೋಡಿ, "ಇದು ನನ್ನದಲ್ಲ. ಸೋಪಿನ ವಾಸನೆ" ಎಂದ. ಲಕೋಟೆಯನ್ನು ಮಾತ್ರ ಬೇಡವೆನ್ನಲಿಲ್ಲ.

ಅಳಿಯನಿಗೆ ಪೆಚ್ಚಾಯಿತು. ಇವನು ಹೌದೋ ಅಲ್ಲವೋ ಎಂದು ಮಾವನನ್ನು ಕೇಳೋಣವೆಂದು ತಿರುಗಿದ. ಮಾವ ಅಷ್ಟರಲ್ಲಿ ಕಮಾನಿನಿಂದ ಹೊರಗೆ, ಗಾಡಿಗಳು ಹೋಗುವ ರಸ್ತೆಯ ಅಂಚಿನಲ್ಲಿ ಕಾಲು ಅಗಲಿಸಿ ನಿಂತು ಹೊಳೆ ನೋಡುತ್ತಿದ್ದರು. ಲಾರಿಯೊಂದು ಗುಡುಗುತ್ತಾ ಬಂತು. ಕುಡುಕ ಎದ್ದ. ಹೇಗೆ ಎದ್ದನೋ, ಎರಡೇ ಹೆಜ್ಜೆಗೆ ಮಾವನ ಪಕ್ಕ ಸೇರಿ, ಅವರಿಗೂ ಲಾರಿಗೂ ನಡುವೆ ತನ್ನ ಮೈಯನ್ನು ತಂದು ನಿಲ್ಲಿಸಿ, ಮಾವನ ಮುಂಗೈ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ. ಲಾರಿ ಹೋದ ಮೇಲೂ ಹಾಗೇ ನಿಂತಿದ್ದ. ಎಲ್ಲಿಗೆ ಹೊರಟಿದ್ದೇವೆ ಎಂದು ಕೇಳುವವನಂತೆ ಮಾವನ ಮುಖವನ್ನೇ ನೋಡುತ್ತಿದ್ದ.

"ಹಾಂ, ಇವನೇ ಇವನೇ" ಎಂದರು ಮಾವ. "ಹಿಂಗೇ ಹಿಡ್ಕೊಂಡಿದ್ದ ನೋಡಿ. ಗಾಡಿಗಳ ಬದಿಗೆ ಬರೋಕೆ ಬಿಡಲೇ ಇಲ್ಲ."

ತಾನು ಮಾಡಿದ್ದೇ ನೆನಪಿಲ್ಲದ ಮನುಷ್ಯನ ಕೈ ಅದನ್ನು ಮರೆತಿರಲಿಲ್ಲ. ದೇವಸ್ಥಾನದ ಗರ್ಭಗುಡಿಯ ಮುಂದೆಯೂ ಇಷ್ಟು ಹೊತ್ತು ಮಾತಿಲ್ಲದೆ ನಿಂತವನಲ್ಲ ಅಳಿಯ. ಕೊನೆಗೆ ಮಾವನೇ ಮೆಲ್ಲಗೆ ಕೈ ಬಿಡಿಸಿಕೊಂಡು, "ಧನ್ಯವಾದ" ಎಂದರು. ಕುಡುಕ ತಲೆಯಾಡಿಸಿ ಹೋಗಿ ಮತ್ತೆ ಮಲಗಿದ.

ಅಲ್ಲಿಂದ ಕಡೆಯ ನಿಲುಗಡೆಗೆ ಇನ್ನೂ ಮುಕ್ಕಾಲು ಗಂಟೆಯ ನಡಿಗೆ. ಅಲ್ಲಿ ಸಂತೆಕಟ್ಟೆಯ ಹಿಂದಿನ ಗೋಡೆಗೆ ಒರಗಿ, ಎರಡು ಊರುಗೋಲು ಪಕ್ಕದಲ್ಲಿಟ್ಟುಕೊಂಡು ಒಂದೇ ಕಾಲಿನ ಗಂಡಸೊಬ್ಬ ಕೂತಿದ್ದ. ಮಾವನನ್ನು ಕಂಡೊಡನೆ ಊರುಗೋಲು ಎತ್ತಿ ಬೀಸಿದ.

"ಕಾಲು ಹೇಗಿದೆ ಇವರದು? ಬಲಗಾಲಿನ ಹಿಮ್ಮಡಿ?" ಎಂದು ಮೊದಲು ಕೇಳಿದ್ದೇ ಅವನು.

ಕತೆಯ ಆರಂಭ ಅವನ ಬಾಯಲ್ಲಿ ಸಿಕ್ಕಿತು. ಮುದುಕಪ್ಪ ಟ್ರಾಮಿಳಿದು ಒಂದು ಗಂಟೆ ನಿಂತಲ್ಲೇ ನಿಂತಿದ್ದನ್ನು ಅವನು ನೋಡಿದ್ದ. ತಾನೇ ಹೋಗಿ ಮೂರು ಟ್ರಾಮುಗಳ ಚಾಲಕರಿಗೆ, ಇವರು ದಾರಿ ತಪ್ಪಿದ್ದಾರೆ ಎಂದು ಹೇಳಿದ್ದ. ಇಬ್ಬರು ಇವನ ಅವತಾರ ನೋಡಿ ಬಾಗಿಲು ಮುಚ್ಚಿಕೊಂಡರು. ಮೂರನೆಯವನು ಹತ್ತಿಸಿಕೊಳ್ಳಲು ಒಪ್ಪಿದ, ಆದರೆ ಮುದುಕಪ್ಪ ಜೇಬು ಮುಟ್ಟಿ ತೋರಿಸಿ, ಮೆಟ್ಟಿಲ ಮೇಲೆ ಕಾಲಿಡಲೇ ಇಲ್ಲ. ಛತ್ರಿಯ ಅಭಿನಯ ನೋಡಿದ ಮೇಲೆ ಇವನಿಗೆ ಗುರಿ ತಿಳಿಯಿತು. ತನ್ನ ಕಾಲಲ್ಲಿದ್ದ ಒಂದೇ ಕಾಲುಚೀಲವನ್ನು ಅವರ ಒಡೆದ ಹಿಮ್ಮಡಿಗೆ ಹಾಕಿ, ಊರುಗೋಲಿನ ಮೇಲೆ ಕುಪ್ಪಳಿಸುತ್ತಾ ಸೇತುವೆಯವರೆಗೆ ಮುಟ್ಟಿಸಿ ಬಂದಿದ್ದ. ಹೋಗಿಬರಲು ಮೂರು ಗಂಟೆ ಹಿಡಿದಿತ್ತು.

"ನೀವು ಕೂರುವುದು ಇಲ್ಲೇನಾ? ಇಲ್ಲಿ ಜನವೇ ಇಲ್ಲವಲ್ಲ" ಎಂದ ಅಳಿಯ.

"ಸಂತೆಕಟ್ಟೆಯ ಮುಂಬಾಗಿಲು ನನ್ನದಾಗಿತ್ತು. ಗುರುವಾರ ಎದ್ದು ಹೋದೆನಲ್ಲ, ಬರುವಷ್ಟರಲ್ಲಿ ಇನ್ನೊಬ್ಬ ಬಂದು ಕೂತಿದ್ದ. ಎದ್ದರೆ ಜಾಗ ಹೋಗುತ್ತೆ. ಇಲ್ಲಿಯ ಪದ್ಧತಿಯೇ ಹಾಗೆ" ಎಂದು ಅವನು, ಹವೆಯ ಬಗ್ಗೆ ಮಾತಾಡುವಷ್ಟು ಸಲೀಸಾಗಿ ಹೇಳಿದ.

"ಎದ್ದರೆ ಹೋಗುತ್ತೆ ಅಂತ ಗೊತ್ತಿದ್ದೂ ಎದ್ದಿರಾ?"

ಊರುಗೋಲಿನವನಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ಈ ವಯಸ್ಸಿನವರು ನಿಂತೇ ಇದ್ದರು" ಎಂದ.

ಅಳಿಯ ಎರಡನೇ ಲಕೋಟೆಯನ್ನು ತೆಗೆದ. ತೆಗೆದ ಮೇಲೆ ಅದನ್ನು ಹೇಗೆ ಕೊಡಬೇಕೆಂದು ತಿಳಿಯದೆ ತಡವರಿಸಿದ. ಒಂದು ಕೈಯಲ್ಲಿ ಕೊಟ್ಟರೆ ಸರಿಯಲ್ಲ ಎನ್ನಿಸಿತು. ಕೊನೆಗೆ ಮಂಡಿಯೂರಿ, ಹಿರಿಯರಿಗೆ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವನು ತೆಗೆದುಕೊಂಡು ಬಿಚ್ಚಿಯೂ ನೋಡದೆ ಕೋಟಿನೊಳಗೆ ತುರುಕಿ, "ಮಳೆಗಾಲಕ್ಕೆ ಮುಂಚೆ ಒಂದು ಬೂಟು ತಗೋಬೇಕು. ಒಂದೇ ಕಾಲಿಗೆ ಕೊಡು ಅಂದರೆ ಅಂಗಡಿಯವರು ಕೊಡಲ್ಲ" ಎಂದು ನಕ್ಕ. ಮಾವನಿಗೆ ಒಂದು ಅಕ್ಷರ ತಿಳಿಯದಿದ್ದರೂ ಅವರೂ ಜೊತೆಗೆ ನಕ್ಕರು. ಅರ್ಧ ಗಂಟೆ ಮೂವರೂ ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಂಡರು. ಆ ಅರ್ಧ ಗಂಟೆಯಲ್ಲಿ ಹಾದುಹೋದವರು ಹದಿನೇಳು ಜನ. ಯಾರೂ ಇವರ ಕಡೆ ನೋಡಲಿಲ್ಲ. ಎಲ್ಲರೂ ನೇರ ನೋಡಿಕೊಂಡು ನಡೆಯುವುದನ್ನು ಚೆನ್ನಾಗಿ ಕಲಿತಿದ್ದರು.

ವಾಪಸು ಟ್ರಾಮಿನಲ್ಲಿ, ಟಿಕೆಟ್ ತೆಗೆದುಕೊಂಡೇ, ಹೊರಟರು. ಮಾವ ಆ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, "ಕಾಗದ ತೆಳು" ಎಂದು ತೀರ್ಪು ಕೊಟ್ಟರು. ಸ್ವಲ್ಪ ದೂರ ಹೋದ ಮೇಲೆ ಅಳಿಯ ಕೇಳಿದ: "ಅವತ್ತು ಭಯ ಆಗಲಿಲ್ವಾ ಮಾವ?"

"ಇಳಿದ ಕೂಡಲೇ ಆಯ್ತು. ಬಾಯಿ ಒಣಗಿಹೋಯ್ತು. ಆ ಊರುಗೋಲಿನವನು ಬಂದು ಕೈ ಹಿಡಿದ ಮೇಲೆ ಆಗಲಿಲ್ಲ" ಎಂದು ಹೇಳಿ ಮಾವ ಅವನ ಭುಜಕ್ಕೆ ತಲೆ ಆನಿಸಿ ತೂಕಡಿಸತೊಡಗಿದರು.

ಅಳಿಯ ಕಿಟಕಿಯಿಂದ ನೋಡಿದ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಳಿದ್ದಳು. ಬ್ಯಾಂಕಿನ ಮೂಲೆಯಲ್ಲಿ ಒಬ್ಬ, ನಾಯಿಯ ಜೊತೆ. ನಿಲುಗಡೆಯ ಬೆಂಚಿನ ತುದಿಯಲ್ಲಿ, ಚರಂಡಿಯ ಬೆಚ್ಚಗಿನ ಜಾಲರಿಯ ಪಕ್ಕದಲ್ಲಿ, ಸಿನಿಮಾ ಮಂದಿರದ ಮುಚ್ಚಿದ ಬಾಗಿಲಲ್ಲಿ, ಎಲ್ಲೆಲ್ಲೂ ಯಾರಾದರೊಬ್ಬರು ನೆಲಮಟ್ಟದಲ್ಲಿ ಕೂತು ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದರು. ಒಬ್ಬರಿಗೊಬ್ಬರು ಗೊತ್ತು, ಊರೆಲ್ಲ ಅವರಿಗೆ ಗೊತ್ತು. ಒಂಬತ್ತು ವರ್ಷದಿಂದ ಈ ಊರಿನ ಲಿಫ್ಟುಗಳನ್ನೆಲ್ಲ ಮೇಲಿನಿಂದ ಕೆಳಕ್ಕೆ ಬಲ್ಲವನಿಗೆ ಊರಿನ ಇಷ್ಟು ದೊಡ್ಡ ಭಾಗ ಇವತ್ತಿನವರೆಗೆ ಕಂಡೇ ಇರಲಿಲ್ಲ. ಎಣಿಸಲು ಶುರುಮಾಡಿದ. ಸೇತುವೆ ಬರುವ ಹೊತ್ತಿಗೆ ಎಣಿಕೆ ತಪ್ಪಿತು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಹೆಂಡತಿ, "ಹಂಗಾದ್ರೆ ಇನ್ಮೇಲೆ ಎಲ್ಲರಿಗೂ ಕೊಡ್ತೀರಾ?" ಎಂದಳು.

"ಗೊತ್ತಿಲ್ಲ ಕಣೇ. ಎಲ್ಲರಿಗೂ ಕೊಡೋಕೆ ನಾವೇನು ರಾಜರಾ? ಆ ಮೇಸ್ತ್ರಿ ಹೇಳಿದ್ದರಲ್ಲೂ ಸುಳ್ಳಿಲ್ಲ, ಕುಡಿಯೋನು ಕುಡೀತಾನೆ. ಆದ್ರೆ ಕೊಡೋದು ಬಿಡೋದು ಆಮೇಲಿನ ಮಾತು. ಮೊದಲು ನಿಂತು ಮುಖ ನೋಡ್ತೀನಿ."

ಸೋಮವಾರ ಆಸ್ಪತ್ರೆಯೊಂದರ ಲಿಫ್ಟು ಕೆಟ್ಟಿತ್ತು. ಬಾಗಿಲ ಬಳಿ ಅವನು ಎಂದೂ ಕಾಣದ ಯುವತಿಯೊಬ್ಬಳು ಲೋಟ ಚಾಚಿದಳು. ಅಳಿಯ ಉಪಕರಣಗಳ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಜೇಬು ತಡಕಿದ. ಅವಸರದಲ್ಲಿ ಪರ್ಸು ಮನೆಯಲ್ಲೇ ಬಿಟ್ಟು ಬಂದಿದ್ದ. "ಇವತ್ತು ನನ್ನ ಹತ್ತಿರ ಏನೂ ಇಲ್ಲ ಕಣಮ್ಮ" ಎಂದು ಅವಳ ಕಣ್ಣು ನೋಡಿ ಹೇಳಿದ.

"ಪರವಾಗಿಲ್ಲ" ಎಂದಳು ಅವಳು. "ಬಲಗಡೆಯ ಬಾಗಿಲಲ್ಲಿ ಹೋಗಿ. ಎಡಗಡೆಯದು ಇವತ್ತು ಬೀಗ ಹಾಕಿದ್ದಾರೆ."

ಅವನು ಬಲಗಡೆಯ ಬಾಗಿಲಲ್ಲಿ ಹೋದ.